ಚಳಿಯಲ್ಲಿ ಅಂಗಿ ಬಿಚ್ಚಿದ ಗಂಡ

ಅನುಮಾನ ನನಗೆ ಹುಟ್ಟುಗುಣ. ಹಾಲಿಗೆ ಬೆರಳದ್ದಿ ನೋಡದೆ ಪಾತ್ರೆ ಒಳಗೆ ಒಯ್ದವಳಲ್ಲ. ಬ್ಲೌಸ್ ಹೊಲಿಸಲು ಬಂದವರು ಬಟ್ಟೆ ಮೀಟರ್ ಇದೆ ಎಂದರೆ ಅವರೆದುರಿಗೇ ಟೇಪು ಹಿಡಿಯುತ್ತೇನೆ. ಅಂಥವಳ ಗಂಡ, ನಲವತ್ತು ದಾಟಿದ ಗುಮಾಸ್ತ, ಒಂದು ಚಳಿಗಾಲದಲ್ಲಿ ಇದ್ದಕ್ಕಿದ್ದಂತೆ ಬದಲಾದರೆ ನಾನು ಸುಮ್ಮನಿರುವುದುಂಟೇ?

ಮೊದಲು ಮೊಬೈಲು. ಉಣ್ಣುವಾಗಲೂ ಕಿವಿಗೆ ವೈರು ಸಿಕ್ಕಿಸಿಕೊಂಡು ಏನನ್ನೋ ನೋಡುತ್ತ ಒಬ್ಬರೇ ನಗುತ್ತಿದ್ದರು. ಹಿಂದಿನಿಂದ ಹೋಗಿ ಬಗ್ಗಿ ನೋಡಿದೆ. ಯಾವನೋ ಪರದೇಶದವನು ಹಿಮದಲ್ಲಿ ಒಬ್ಬನೇ ಕೂತು ಕಟ್ಟಿಗೆ ಉಜ್ಜಿ ಬೆಂಕಿ ಮಾಡುತ್ತಿದ್ದ. ನನ್ನ ಸಪ್ಪಳ ಕೇಳಿ ಬೇರೆಯದನ್ನು ಮರೆಮಾಡಿ ಇದನ್ನು ಹಾಕಿದ್ದಾರೆ ಎಂದೇ ತಿಳಿದೆ. ಆಮೇಲೆ ತಣ್ಣೀರ ಸ್ನಾನ. ನಮ್ಮೂರು ರಂಗಂಪೇಟೆಯಲ್ಲಿ ಆ ದಿನಗಳಲ್ಲಿ ನಾಯಿಯೂ ಒಲೆಯ ಬೂದಿ ಬಿಟ್ಟು ಏಳುವುದಿಲ್ಲ, ಇವರು ಬಚ್ಚಲಲ್ಲಿ ತಣ್ಣೀರು ಸುರಿದುಕೊಂಡು ಹಾಡುತ್ತಿದ್ದರು. ಹೊಟ್ಟೆಯೂ ಕರಗಿತು. ಈ ವಯಸ್ಸಿನಲ್ಲಿ ಗಂಡಸಿನ ಹೊಟ್ಟೆ ಸುಮ್ಮಸುಮ್ಮನೆ ಕರಗುವುದಿಲ್ಲ.

ಎಳ್ಳಮಾವಾಸ್ಯೆ ಹತ್ತಿರ ಬಂದಿತ್ತು. ಒಂದು ಶನಿವಾರ ಮಧ್ಯಾಹ್ನ, ಶಹಾಪುರದ ಗೆಳೆಯನ ಮನೆಯಲ್ಲಿ ಕಾರ್ಯಕ್ರಮ, ರಾತ್ರಿ ಅಲ್ಲೇ ಉಳಿದು ನಾಳೆ ಬರುತ್ತೇನೆ ಎಂದು ಬೈಕು ಹತ್ತಿದರು. ಬೆನ್ನಿಗೊಂದು ಚೀಲ. ಕಾರ್ಯಕ್ರಮಕ್ಕೆ ಹೋಗುವವರು ಇಸ್ತ್ರಿ ಅಂಗಿ ಹಾಕಬೇಕು; ಇವರು ಹಾಕಿದ್ದು ಮೊಣಕೈ ಹರಿದ ಹಳೆಯ ಸ್ವೆಟರ್.

ಮರುದಿನ ಬೆಳಗ್ಗೆ ಎದ್ದವಳೇ ಫೋನು ಹಚ್ಚಿದೆ. ಸ್ವಿಚ್ ಆಫ್. ಶಹಾಪುರದ ಆ ಗೆಳೆಯನಿಗೇ ಹಚ್ಚಿದೆ. ಅವನು ತಡವರಿಸಿ ತಡವರಿಸಿ, ನಮ್ಮಲ್ಲಿಗೆ ಬಂದೇ ಇಲ್ಲ ಎಂದ. ಮೈಯೆಲ್ಲ ಉರಿದುಹೋಯಿತು. ಮೈದುನನನ್ನು ಎಬ್ಬಿಸಿ ಬೈಕು ತೆಗೆಸಿದೆ. ಸುರಪುರದ ದಾರಿಯಲ್ಲಿ ಹಾಲು ಹಾಕುವವನು ಸಿಕ್ಕಿ, ನಿಮ್ಮನೆಯವರ ಗಾಡಿ ಗುಡ್ಡದ ಬುಡದಲ್ಲಿ ಜಾಲಿಗಿಡದ ಮರೆಗೆ ನಿಂತಿದೆಯಲ್ಲ ಎಂದ. ಲಾಡ್ಜಿನ ಖರ್ಚನ್ನೂ ಉಳಿಸುವ ಜಿಪುಣ ಎಂದು ಹಲ್ಲು ಕಡಿದೆ.

ಬೈಕಿನ ಸುತ್ತ ಏಳೆಂಟು ಜನ ಕೋಲು ಹಿಡಿದು ನಿಂತಿದ್ದರು. ಅವರಲ್ಲಿ ಕುರಿ ಕಾಯುವ ಮುದುಕನೊಬ್ಬ ಹೊತ್ತು ಹುಟ್ಟುವಾಗ ಮೇಲೆ ಹೋಗಿದ್ದನಂತೆ. ಬಂಡೆಯ ನಡುವೆ ನೀರು ನಿಲ್ಲುವ ದೊಣೆ ಇದೆ. ಅದರ ಪಕ್ಕ ಒಬ್ಬ ಮನುಷ್ಯ ಅಂಥ ಚಳಿಯಲ್ಲೂ ಬರಿಮೈಯಲ್ಲಿ ಕೂತು ಬಾಯೊಳಗೇ ಏನೋ ಮಂತ್ರ ಅನ್ನುತ್ತಿದ್ದ. ಬದಿಯಲ್ಲಿ ಆರಿದ ಬೆಂಕಿ, ಒಂದು ಕುಡಗೋಲು. ಇದು ಹಳೆಯ ಅರಸರ ಊರು. ಅಮಾವಾಸ್ಯೆಯ ಆಸುಪಾಸಿನಲ್ಲಿ ಗುಡ್ಡದ ಮೇಲೆ ಹೊಗೆ ಕಂಡರೂ ಸಾಕು, ನಿಧಿ ತೆಗೆಯುವವರು ಬಂದರು ಎನ್ನುತ್ತಾರೆ. ಪೂಜೆಯ ನಡುವೆ ಎದುರಿಗೆ ಸಿಕ್ಕವನನ್ನೇ ಬಲಿ ಕೊಡುತ್ತಾರೆಂಬ ಹೆದರಿಕೆ ಬೇರೆ. ಆ ಮನುಷ್ಯ ಕೈ ಎತ್ತಿ ಕರೆದನಂತೆ. ಮುದುಕ ಕುರಿಗಳನ್ನೂ ಬಿಟ್ಟು ಓಡಿ ಇಳಿದ. ಪೊಲೀಸರಿಗೆ ಫೋನು ಮಾಡಿ ಎಲ್ಲರೂ ದಾರಿ ಕಾಯುತ್ತಿದ್ದರು.

ಅವರು ನಿಧಿಯವರಲ್ಲ, ನನ್ನ ಗಂಡ ಎಂದೆ.

“ಗಂಡ ಆದ್ರ ನಿಧಿ ತೆಗಿಯಂಗಿಲ್ಲೇನ್ ಯವ್ವಾ?” ಎಂದ ಮುದುಕ.

ಯಾರೂ ಹೆಜ್ಜೆ ಕಿತ್ತಿಡಲಿಲ್ಲ. ನಾನು ಸೆರಗು ಸಿಕ್ಕಿಸಿ ಹತ್ತಿದೆ, ಹಿಂದೆ ಮೈದುನ. ನಾನು ಹತ್ತಿದ್ದು ಉಳಿಸಲಿಕ್ಕಲ್ಲ, ಹಿಡಿಯಲಿಕ್ಕೆ. ಬರಿಮೈ ಎಂದ ಮೇಲೆ ನನ್ನ ತಲೆಗೆ ಮಂತ್ರ ಹೊಳೆಯುತ್ತದೆಯೇ? ಬಂಡೆಯ ಸಂದಿ ಸಂದಿಗೆ ಕಣ್ಣು ಹಾಯಿಸುತ್ತ ಹೋದೆ, ಬಳೆಚೂರೋ ಹೂವೋ ಸಿಕ್ಕೀತೆಂದು.

ಸಿಕ್ಕಿದವರು ಅವರೊಬ್ಬರೇ. ದೊಣೆಯ ಅಂಚಿನಲ್ಲಿ ಮುದುಡಿ ಬಿದ್ದಿದ್ದರು. ತುಟಿ ನೇರಳೆಯಾಗಿತ್ತು, ಒಂದು ಪಾದ ಬಾತಿತ್ತು, ಪ್ಯಾಂಟು ತೊಯ್ದು ಕಾಲಿಗೆ ಅಂಟಿತ್ತು. ಅಂಗಿ, ಸ್ವೆಟರ್ ಅತ್ತ ಬಿದ್ದಿದ್ದವು. ಮೈ ನಡುಗುತ್ತಲೂ ಇರಲಿಲ್ಲ. ಅದನ್ನು ನೋಡಿ ನನ್ನ ಜೀವ ಬಾಯಿಗೆ ಬಂತು. ಕೆನ್ನೆ ಮುಟ್ಟಿದರೆ ಕಲ್ಲಿಗೂ ಅದಕ್ಕೂ ವ್ಯತ್ಯಾಸವಿಲ್ಲ.

“ಸೆಕಿ... ಭಾಳ ಸೆಕಿ...” ಎನ್ನುತ್ತಿದ್ದರು. ನಾಲಿಗೆ ಹೊರಳುತ್ತಿರಲಿಲ್ಲ. ಮುದುಕ ಮಂತ್ರ ಎಂದದ್ದು ಇದನ್ನೇ.

ನಾನು ಅಲ್ಲಿಂದಲೇ ಬೊಬ್ಬೆ ಹಾಕಿ ಅತ್ತೆ. ಆ ಅಳು ಕೇಳಿ ಕೆಳಗಿನವರು ಓಡಿಬಂದರು. ಮುದುಕನೇ ತನ್ನ ಕಂಬಳಿ ತೆಗೆದು ಹೊದಿಸಿದ. ಅದರಲ್ಲೇ ಜೋಳಿಗೆಯ ಹಾಗೆ ಹಿಡಿದು ಇಳಿಸಿದರು. ದಾರಿಯುದ್ದಕ್ಕೂ ಒಬ್ಬ ಮಾತ್ರ ದೊಣೆಯ ಕಡೆ ತಿರುಗಿ ತಿರುಗಿ ನೋಡುತ್ತಿದ್ದ, ಎಲ್ಲಾದರೂ ಅಗೆದ ಗುರುತು ಇದೆಯೇ ಎಂದು.

ದವಾಖಾನೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ತೊಯ್ದ ಬಟ್ಟೆ, ರಾತ್ರಿಯಿಡೀ ಗುಡ್ಡದ ಗಾಳಿ. ಚಳಿ ಒಳಗಿನವರೆಗೆ ಇಳಿದ ಮೇಲೆ ತಲೆ ಕೆಡುತ್ತದೆ, ಸಾಯುವ ಹೊತ್ತಿಗೆ ಮೈ ಉರಿದಂತಾಗಿ ಮನುಷ್ಯ ತಾನೇ ಬಟ್ಟೆ ಕಿತ್ತೆಸೆಯುತ್ತಾನೆ, ಇನ್ನು ಸ್ವಲ್ಪ ತಡವಾಗಿದ್ದರೆ ಕಷ್ಟವಿತ್ತು. ನಾನು ತಲೆ ಆಡಿಸಿದೆ. ಆದರೂ ಡಾಕ್ಟರು ಗಂಡಸು, ಗಂಡಸರ ಪರವೇ ಮಾತಾಡಬಹುದೆಂದು ಹೊರಗೆ ಬಂದು ನರ್ಸಮ್ಮನನ್ನೂ ಕೇಳಿದೆ. ಆಕೆಯೂ ಅದನ್ನೇ ಹೇಳಿದಳು.

ಸಂಜೆ ಅವರಿಗೆ ಮಾತು ಬಂತು. ಫೋನಿನಲ್ಲಿ ನೋಡಿದ ಹಾಗೆ ಒಂದು ರಾತ್ರಿ, ಯಾರ ಹಂಗೂ ಇಲ್ಲದೆ, ಒಬ್ಬರೇ ಇದ್ದು ನೋಡಬೇಕೆನಿಸಿತ್ತಂತೆ. ಬೆಂಕಿ ಹೊತ್ತಿಸಿ ನೀರು ತರಲು ಹೋದಾಗ ಪಾಚಿಯ ಮೇಲೆ ಕಾಲು ಜಾರಿ ದೊಣೆಗೆ ಬಿದ್ದರು. ಕಡ್ಡಿಪೆಟ್ಟಿಗೆ, ಫೋನು ಎರಡೂ ಕಿಸೆಯಲ್ಲೇ ತೊಯ್ದವು. ಕಾಲು ಊರಲಾಗದೆ ಬೆಂಕಿಯ ಹತ್ತಿರ ತೆವಳುವಷ್ಟರಲ್ಲಿ ಅದೂ ಆರಿತ್ತು. ಎಷ್ಟು ಕೂಗಿದರೂ ಯಾರಿಗೂ ಕೇಳಲಿಲ್ಲ. ಯಾಕೆಂದರೆ ಅವರು ಅಲ್ಲಿದ್ದಾರೆಂದು ಜಗತ್ತಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ.

ನನಗೆ ಸಿಟ್ಟೂ ಅಳುವೂ ಕೂಡಿಯೇ ಬಂದವು. “ಗುಡ್ಡಕ್ಕ ಹೊಂಟೇನಿ ಅಂತ ನನಗ ಒಂದ್ ಮಾತ್ ಹೇಳಿದ್ರ ಏನ್ ಆಗ್ತಿತ್ರಿ?”

ಅವರು ಕಣ್ಣು ಮುಚ್ಚಿಕೊಂಡೇ ಕೇಳಿದರು. “ಖರೇ ಹೇಳಿದ್ರ ನೀ ನಂಬ್ತಿದ್ದಿ ಏನು?”

ಹೌದು ಎನ್ನಲು ಬಾಯಿ ತೆರೆದೆ. ಆ ಮನುಷ್ಯ ಸಾವಿನ ಬಾಯಿಂದ ಬಂದು ಮಲಗಿದ್ದರು, ಅವರೆದುರು ಸುಳ್ಳು ಹೇಳಲಾಗಲಿಲ್ಲ.

“ಇಲ್ಲ” ಎಂದೆ.