ಟವೆಲ್ ಹಾಸುವ ಗುರುಪಾದಪ್ಪ

ಗುರುಪಾದಪ್ಪನವರು ಟವೆಲ್ ಹಾಸದೆ ಏನನ್ನೂ ಬಿಚ್ಚುತ್ತಿರಲಿಲ್ಲ. ಕೈಗಡಿಯಾರವಿರಲಿ, ಬಿಸ್ಕತ್ತಿನ ಪೊಟ್ಟಣವಿರಲಿ, ಊರಿಂದ ಬಂದ ಕಾಗದವೇ ಇರಲಿ, ಮೊದಲು ನೆಲಕ್ಕೊಂದು ಟವೆಲ್ಲು ಬೀಳಬೇಕು, ಅದರ ನಾಲ್ಕೂ ಮೂಲೆ ಸರಿಯಾಗಬೇಕು, ಆಮೇಲೆ ಕೆಲಸ. ಅಹಮದಾಬಾದಿನ ವಸ್ತ್ರಾಪುರದ ನಮ್ಮ ಮನೆಗೆ ಮೊದಲ ಸಲ ಮಿಕ್ಸಿ ರಿಪೇರಿಗೆ ಬಂದವರು ಬಾಗಿಲಲ್ಲೇ ಟವೆಲ್ ಕೇಳಿದಾಗ, ನನ್ನ ಹೆಂಡತಿ ಪಾಪ, ಸ್ನಾನಕ್ಕಿರಬೇಕೆಂದು ನೀರು ಕಾಯಲು ಇಟ್ಟಿದ್ದಳು.

ಬಾಗಲಕೋಟೆ ಕಡೆಯವರು. ರೈಲ್ವೆಯಲ್ಲಿ ಸಿಗ್ನಲ್ ಫಿಟ್ಟರು, ರೈಲಿನಲ್ಲಿ ಓಡಾಡಲು ಪುಕ್ಕಟೆ ಪಾಸು. ನಾನು ಬ್ಯಾಂಕಿನ ವರ್ಗಾವಣೆಯ ಮೇಲೆ ತುಮಕೂರಿನಿಂದ ಬಂದು ಅವರ ಎದುರು ಮನೆಯಲ್ಲಿ ಬಾಡಿಗೆಗಿದ್ದೆ. "ಬಿಚ್ಚೋದು ಯಾರಿಗೂ ಬರ್ತೈತ್ರಿ ಮೂರ್ತಿಯವರ. ತಿರಗಿ ಕೂಡಸೋ ಹೊತ್ತಿಗೆ ಒಂದ್ ತುಣುಕು ಕಮ್ಮಿ ಬಿತ್ತಂದ್ರ ಮುಗೀತು" ಎನ್ನುತ್ತಿದ್ದರು. ಇಷ್ಟು ಹುಷಾರಿನ ಮನುಷ್ಯ ಒಂದು ಕಡೆ ಮಾತ್ರ ಎಡವಿದ್ದರು. ಸೂರತ್ತಿನಲ್ಲಿದ್ದ ತಂಗಿ ಕಸ್ತೂರಿಯ ಗಂಡ ಆಸ್ಪತ್ರೆ ಸೇರಿದ್ದಾಗ, ಎರಡು ರೈಲುಗಳ ನಡುವೆ ಅರ್ಧ ಗಂಟೆ ಇಳಿದು ಮುಖ ತೋರಿಸಿ ಬಂದಿದ್ದರು. ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆಯೇ ಅಂದಿದ್ದಳಂತೆ: "ಪಾಸ್ ಐತಿ ಅಂತ ಬರ್ತಿ. ಕಾಲು ನೋಯೋದಿದ್ರ ಬರ್ತಿದ್ದೇನು?"

ತಂಗಿಯ ಗಂಡ ಗುಣವಾದರು, ಮಾತು ಮಾತ್ರ ಉಳಿಯಿತು. ಮೂರು ವರ್ಷ ಅಣ್ಣತಂಗಿಯರ ನಡುವೆ ಒಂದು ಕಾಗದವೂ ಓಡಾಡಲಿಲ್ಲ. ನಾಲ್ಕನೇ ಚಳಿಗಾಲದಲ್ಲಿ ಒಂದು ದಿನ ಅವರು, ಸಂಕ್ರಾಂತಿಗೆ ಕಸ್ತೂರಿಗೆ ಕುಸುರೆಳ್ಳು ಕೊಡಲು ಸೂರತ್ತಿಗೆ ಸೈಕಲ್ಲಿನಲ್ಲಿ ಹೋಗುತ್ತೇನೆ ಎಂದರು. ಜೇಬಿನಲ್ಲಿ ರೈಲ್ವೆ ಪಾಸು ಇಟ್ಟುಕೊಂಡು ಇನ್ನೂರೈವತ್ತು ಕಿಲೋಮೀಟರಿಗೂ ಮಿಕ್ಕಿ ಸೈಕಲ್ ತುಳಿಯುವ ಹಟಮಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕಾಲೇಜಿನಲ್ಲಿ ಸೈಕಲ್ ರೇಸಿಗೆ ಹೋಗಿದ್ದೆನೆಂದು ಹಿಂದೆಂದೋ ಜಂಬ ಕೊಚ್ಚಿಕೊಂಡಿದ್ದ ತಪ್ಪಿಗೆ ನಾನೂ ಹೊರಡಬೇಕಾಯಿತು.

ಮೊದಲ ರಾತ್ರಿ ವಡೋದರಾದ ಮಕರಪುರದಲ್ಲಿ ನನ್ನ ಸಹೋದ್ಯೋಗಿಯ ಮನೆ, ಎರಡನೆಯದು ಅಂಕಲೇಶ್ವರದ ಧರ್ಮಶಾಲೆ. ಬೆಳಗಿನ ಚಳಿಗೆ ಹ್ಯಾಂಡಲ್ ಹಿಡಿದ ಬೆರಳು ಮಡಚಿದರೆ ಬಿಡಿಸಲು ಬರುತ್ತಿರಲಿಲ್ಲ. ಗುರುಪಾದಪ್ಪನವರು ಮಫ್ಲರ್ ಸುತ್ತಿಕೊಂಡು ಒಂದೇ ಸಮನೆ ತುಳಿಯುತ್ತಿದ್ದರು. ಕ್ಯಾರಿಯರ್ ಮೇಲೆ ಸ್ಟೀಲಿನ ಡಬ್ಬಿ, ಅದರ ಕೆಳಗೆ ಮಡಿಸಿದ ಟವೆಲ್ಲು. ರಸ್ತೆ ಹಳಿಯ ಪಕ್ಕಕ್ಕೆ ಬಂದಾಗಲೆಲ್ಲ ಸಿಗ್ನಲ್ ಕಂಬಗಳನ್ನು ನೆಂಟರಂತೆ ಮಾತಾಡಿಸುತ್ತಿದ್ದರು, ರೈಲು ಬಂದರೆ ಮಾತ್ರ ಮುಖ ಆಚೆ ತಿರುಗಿಸುತ್ತಿದ್ದರು.

ಮೂರನೆಯ ದಿನವೇ ಸಂಕ್ರಾಂತಿ. ಗುಜರಾತಿನಲ್ಲಿ ಅಂದು ಇಡೀ ಊರು ಮಾಳಿಗೆಯ ಮೇಲಿರುತ್ತದೆ, ಆಕಾಶದ ತುಂಬ ಗಾಳಿಪಟ. ಕೀಮ್ ಊರು ದಾಟುವಾಗ ಕಡಿದುಬಿದ್ದ ಗಾಳಿಪಟದ ದಾರವೊಂದು ಅವರ ಹಿಂದಿನ ಚಕ್ರಕ್ಕೆ ಸಿಕ್ಕಿತು. ನಾಲ್ಕು ಸುತ್ತು ತಿರುಗಿ ಚಕ್ರ ಕಚ್ಚಿಕೊಂಡು ನಿಂತಿತು. ಗಾಜಿನ ಪುಡಿ ಬಳಿದ ಮಾಂಜಾ ಆಕ್ಸಲಿಗೆ ಬಿಗಿಯಾಗಿ ಸುತ್ತಿ, ಬೇರಿಂಗಿನ ಗುಂಡುಗಳ ಮನೆಯೊಳಗೇ ಹೊಕ್ಕಿತ್ತು. ನಾನು ಶೂರನಂತೆ ಹಿಡಿದೆಳೆದೆ. ದಾರ ಬರಲಿಲ್ಲ, ನನ್ನ ಬೆರಳು ಕುಯ್ದು ರಕ್ತ ಬಂತು.

ಹೊತ್ತು ನೆತ್ತಿ ದಾಟಿತ್ತು. ಸೂರತ್ತು ಇನ್ನೂ ಮೂವತ್ತು ಕಿಲೋಮೀಟರು. ಅಲ್ಲೇ ಸ್ಟೇಷನ್ನಿತ್ತು. ಸೈಕಲ್ಲುಗಳನ್ನು ಯಾವುದಾದರೂ ಅಂಗಡಿಯಲ್ಲಿ ಬಿಟ್ಟು ಪ್ಯಾಸೆಂಜರ್ ಗಾಡಿ ಹತ್ತೋಣ, ತಂಗಿಗೆ ಇದೆಲ್ಲ ಹೇಳುವವರು ಯಾರು ಎಂದೆ.

"ಆಕಿಗೆ ಗೊತ್ತಾಗೂದಿಲ್ಲ ಖರೆ" ಎಂದರು ಗುರುಪಾದಪ್ಪ. "ಆದ್ರ ಆಕಿ ಅಂದದ್ದು ಖರೇ ಆಗ್ತೈತಲ್ರಿ."

ನನಗೆ ನಾಚಿಕೆಯಾಯಿತು. ಅವರು ರಸ್ತೆಯ ಬದಿಯಲ್ಲಿ ಟವೆಲ್ ಹಾಸಿ, ಮೂಲೆಗಳಿಗೆ ಕಲ್ಲಿಟ್ಟು, ಪಾನಾ ತೆಗೆದು ಚಕ್ರ ಕಳಚಿದರು. ಚಹಾದಂಗಡಿಯಿಂದ ನಾನು ಒಂದು ಲೋಟ ಸೀಮೆಎಣ್ಣೆ ಬೇಡಿ ತಂದೆ. ಕಪ್ಪು ಗ್ರೀಸಿನ ಒಂಬತ್ತು ಗುಂಡುಗಳು ಒಂದೊಂದಾಗಿ ಟವೆಲ್ಲಿನ ಮೇಲೆ ಬಂದು ಕೂತವು. ದಾರಕ್ಕೆ ನಾನು ಮತ್ತೆ ಕೈ ಹಾಕಿದಾಗ ತಡೆದು, "ತುದಿ ಸಿಗೋ ತನಕಾ ಎಳೀಬ್ಯಾಡ್ರಿ. ಎಳದಷ್ಟೂ ಬಿಗೀತೈತಿ" ಎಂದರು. ಕನ್ನಡಕ ಹಣೆಗೇರಿಸಿ, ತುದಿ ಹುಡುಕಿ, ಸುತ್ತು ಸುತ್ತಾಗಿ ಬಿಡಿಸುತ್ತ ಎರಡು ಗಂಟೆ ಕೂತರು. ಗಾಜಿನ ಪುಡಿ ಹೋಗುವಂತೆ ಪ್ರತಿ ಗುಂಡನ್ನೂ ತೊಳೆದು ಒರೆಸಿದರು. ಅಷ್ಟು ಹೊತ್ತೂ ಒಂದು ಬೈಗುಳವೂ ಅವರ ಬಾಯಿಂದ ಬರಲಿಲ್ಲ, ಮಾಳಿಗೆಗಳಿಂದ ಕೇಕೆ ಮಾತ್ರ ಕೇಳುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಸೂರತ್ತಿನ ಆ ಮನೆ ಮುಟ್ಟಿದೆವು. ಬಾಗಿಲು ತೆಗೆದ ಕಸ್ತೂರಿ ಮೊದಲು ಅಣ್ಣನ ಮುಖ ನೋಡಲಿಲ್ಲ, ಹಿಂದಿದ್ದ ಸೈಕಲ್ಲನ್ನು ನೋಡಿದಳು, ಆಮೇಲೆ ಮಸಿ ಹಿಡಿದ ಅವರ ಕೈಗಳನ್ನು. ಗುರುಪಾದಪ್ಪ ಡಬ್ಬಿಯನ್ನು ಮುಂದೆ ಹಿಡಿದರು. ಬಾಗಿಲ ಮೆಟ್ಟಿಲಿಳಿದು ಬಂದ ಅವಳು ಡಬ್ಬಿಯ ಜೊತೆಗೆ ಆ ಕೈಗಳನ್ನೂ ಹಿಡಿದುಕೊಂಡಳು.

"ಮುಂದಿನ ಸಂಕ್ರಾಂತಿಗೆ ಪಾಸಿನ ಮ್ಯಾಲೆ ಬಾರೋ ಅಣ್ಣಾ" ಎಂದಳು.

ಹಾಗೆಯೇ ಹೋಗುತ್ತಿದ್ದರು. ಆಮೇಲೆ ನಾಲ್ಕು ವರ್ಷ ನಾನೇ ಅವರನ್ನು ಸ್ಟೇಷನ್ನಿಗೆ ಬಿಟ್ಟುಬಂದೆ. ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು, ಟಿಕೆಟ್ ಕಲೆಕ್ಟರ್ ಕೇಳುವ ಮೊದಲೇ ಪಾಸು ಕೈಯಲ್ಲಿ ಹಿಡಿದಿರುತ್ತಿದ್ದರು. ನಾಲ್ಕನೆಯ ವರ್ಷದ ಮಳೆಗಾಲದಲ್ಲಿ, ಎರಡು ದಿನದ ಜ್ವರಕ್ಕೆ, ಹೋಗಿಬಿಟ್ಟರು. ಎದುರು ಮನೆಗೆ ಬೇರೆಯವರು ಬಂದರು. ಮನೆಯಲ್ಲಿ ಏನು ಕೆಟ್ಟರೂ ನಾನು ಅಭ್ಯಾಸಬಲದಿಂದ ಆ ಬಾಗಿಲ ಕಡೆಗೇ ಹೊರಡುತ್ತಿದ್ದೆ.

ಆ ಸಂಕ್ರಾಂತಿಗೆ ಸೂರತ್ತಿನಿಂದ ನನ್ನ ಹೆಸರಿಗೊಂದು ಪಾರ್ಸೆಲ್ ಬಂತು. ಬಟ್ಟೆ ಹೊಲಿದ ಕಟ್ಟಿನ ಮೇಲೆ ಕಸ್ತೂರಿಯ ಅಕ್ಷರ. ಒಳಗೆ ಡಬ್ಬಿ ಅಲುಗಾಡಿದಾಗ ಕುಸುರೆಳ್ಳಿನ ಸದ್ದು. ಕತ್ತರಿ ಹಿಡಿದು ನೆಲಕ್ಕೆ ಕೂತವನು ಅಲ್ಲೇ ತಡೆದೆ. ಹೆಂಡತಿಯನ್ನು ಕರೆದು ಒಂದು ಟವೆಲ್ ಕೊಡು ಎಂದೆ. ಅವಳು ತಂದು ತಾನೇ ಹಾಸಿ, ನಾಲ್ಕೂ ಮೂಲೆ ಸರಿಮಾಡಿದಳು.