ಜಡ್ಜುಗಳಿಗೂ ಒಂದು ತಾರೀಖು

ಮಕ್ಕಳೇ, ದುಬೈಯಲ್ಲಿ ನಮ್ಮ ಕಟ್ಟಡದ ಕೆಳಗಿನ ಟೈಪಿಂಗ್ ಸೆಂಟರಿನಲ್ಲಿ ವೀಸಾ ಅರ್ಜಿ ತುಂಬಿಕೊಡುವ, ಮಂಗಳೂರು ಕಡೆಯ ಬ್ಯಾರಿಯೊಬ್ಬರಿದ್ದರು. ಯಾರ ಕಾಗದ ಕೊಟ್ಟರೂ ಮೊದಲು ಅವಧಿ ಮುಗಿಯುವ ತಾರೀಖಿನ ಮೇಲೆ ಬೆರಳಿಡುತ್ತಿದ್ದರು. ಅವರ ಮಗಳು ಅಮೆರಿಕದಲ್ಲಿ ತುಂಬು ಬಸುರಿ. ಯೆಮನ್ ದೇಶದ ಅಳಿಯ ಮಾತ್ರ ದುಬೈಯಲ್ಲೇ ಉಳಿದಿದ್ದ. ಅವನ ದೇಶದವರು ಬರಕೂಡದೆಂದು ಅಮೆರಿಕದ ಅಧ್ಯಕ್ಷರು ಆಜ್ಞೆ ಹೊರಡಿಸಿದ್ದರು. "ಮೇಲೆ ಸುಪ್ರೀಂ ಕೋರ್ಟು ಉಂಟಲ್ಲ ಅಕ್ಕ" ಎನ್ನುತ್ತಿದ್ದರು, ಕೇಳಿದಾಗಲೆಲ್ಲ.

ಅಧ್ಯಕ್ಷರು ಹಾಗೆ ಮಾಡಬಹುದು ಎಂದು ಆ ಕೋರ್ಟೂ ಹೇಳಿದ ಮರುದಿನ ನನ್ನ ದುಬೈ ವೀಸಾ ನವೀಕರಿಸಲು ಅವರ ಬಳಿ ಹೋದೆ.

"ಖಲಾಸ್ ಅಕ್ಕ, ಇನ್ನು ಆ ಕೋರ್ಟಿನ ಮೇಲೆ ಕೇಳುವವರಿಲ್ಲ. ನಿಮ್ಮ ವೀಸಾ ಎರಡು ವರ್ಷ, ನನ್ನದೂ ಎರಡು ವರ್ಷ. ಆ ಜಡ್ಜುಗಳಿಗೆ ಮಾತ್ರ ಸಾಯುವವರೆಗೆ ಕುರ್ಚಿ! ಅವರಿಗೂ ಒಂದು ತಾರೀಖು ಬೇಕು" ಎಂದರು.

ಮೊಮ್ಮಗ ಹುಟ್ಟಿದ ದಿನ ಅಳಿಯ ಆ ಟೈಪಿಂಗ್ ಸೆಂಟರಿನ ಬೆಂಚಿನ ಮೇಲೆ ಕುಳಿತಿದ್ದ. ಮಗುವಿನ ಕಿವಿಯಲ್ಲಿ ತಂದೆ ಹೇಳಬೇಕಾದ ಬಾಂಗನ್ನು ಅವನು ಫೋನಿಗೆ ಹೇಳಿದ.