ಐದು ಚಮಚ

ಬೆಳಕು ಈಗಷ್ಟೇ ಹರಿಯುತ್ತಿದೆ. ಶಿಶುವಿಹಾರದ ಅಡುಗೆಕೋಣೆಯಲ್ಲಿ ಆಯಾ ಇಪ್ಪತ್ತೇಳು ತಟ್ಟೆ ತೊಳೆದು ಬೋರಲು ಹಾಕುತ್ತಾರೆ. ಚಮಚಗಳನ್ನು ಮಾತ್ರ ಬೇಕೆಂದೇ ಡಬ್ಬಿಯಲ್ಲಿ ರಾಶಿಯಾಗಿ ಬಿಡುತ್ತಾರೆ. ಅವನ್ನು ಹಂಚುವುದು ಮಕ್ಕಳ ಕೆಲಸ. ಅದಕ್ಕೇ ಅವರು ಎಲ್ಲರಿಗೂ ಚಮಚದಜ್ಜಿ.

"ನಿಮ್ಮ ಮೇಜಿಗೆ ಐದು ತಾ, ಕಂದಾ." ಅವರ ಪಾಠ ಅಷ್ಟೇ. ನೂರರವರೆಗೆ ಗಡಗಡ ಒಪ್ಪಿಸುವ ಮಗು ಕೈತುಂಬ ಬಾಚಿ ತರುತ್ತದೆ. ಎಣಿಸೆಂದರೆ ಮೂರನ್ನು ಮುಟ್ಟಿ ಏಳು ಎನ್ನುತ್ತದೆ. "ಬಾಯಿ ಓಡುತ್ತೆ, ಬೆರಳು ಹಿಂದೆ ಉಳಿಯುತ್ತೆ" ಎನ್ನುತ್ತಾರೆ ಅಜ್ಜಿ. ಪಾತ್ರೆ ತೊಳೆಯುವ ಬಕೆಟ್ಟಿನ ಬಳಿ ಇನ್ನೊಂದು ಪಾಠ. ಕಲ್ಲು, ಮರದ ಚೂರು. "ಮುಳುಗೋದು ಯಾವುದು? ಮೊದಲು ಹೇಳು, ಆಮೇಲೆ ಹಾಕು."

ಈ ವರ್ಷ ಬೆರಳು ಹಿಂದೆ ಬಿದ್ದವರು ಒಂಬತ್ತು ಮಂದಿ. ಎಂಟು ಮಂದಿ ಅದನ್ನು ದಾಟಿದ್ದಾರೆ. ಉಳಿದವಳು ಇಸ್ತ್ರಿ ಅಂಗಡಿಯವನ ಮಗಳು, ಮಾತಿನ ಮಲ್ಲಿ. ಸೋಮವಾರ ಅವಳು ದೊಡ್ಡ ಶಾಲೆಗೆ ಹೋಗಬೇಕು. ಇಂದು ಶನಿವಾರ.

"ನೂರಕ್ಕೆ ನಿಲ್ಲಿಸೋದೇ ಕಷ್ಟ ಇವಳನ್ನ" ಎಂದು ಬಾಗಿಲಲ್ಲಿ ಅಪ್ಪ ಹಿಗ್ಗುತ್ತಾನೆ.

"ನನ್ನ ಮಗಳನ್ನೂ ನಿಲ್ಲಿಸೋಕಾಗ್ತಿರಲಿಲ್ಲಪ್ಪ" ಎನ್ನುತ್ತಾರೆ ಅಜ್ಜಿ.

ಆ ಮಗಳನ್ನು ನೆಂಟರೆದುರು ನಿಲ್ಲಿಸಿ ಎಣಿಕೆ ಒಪ್ಪಿಸಲು ಹೇಳುತ್ತಿದ್ದ ಕಾಲವೊಂದಿತ್ತು. ಎರಡನೆಯ ತರಗತಿಯಲ್ಲಿ ಕಳೆಯುವ ಲೆಕ್ಕ ಬಂತು, ಹುಡುಗಿ ಮಂಕಾದಳು. ನಾಲ್ಕನೆಯದರಲ್ಲಿ ಹಿಂದಿನ ಬೆಂಚು. ಏಳನೆಯದಕ್ಕೆ ಶಾಲೆಯೇ ಬಿಟ್ಟುಹೋಯಿತು. ಈಗವಳು ಆಸ್ಪತ್ರೆಯಲ್ಲಿ ಹೊದಿಕೆ ಮಡಚುತ್ತಾಳೆ. ಹತ್ತರ ಕಟ್ಟು ಕಟ್ಟುವಾಗ ಯಾರಿಗೂ ಕಾಣದಂತೆ ಬೆರಳು ಮಡಚುತ್ತಾಳೆ.

"ದಡ್ಡಿ ಅಂದ್ರು. ಅವಳಲ್ಲ ದಡ್ಡಿ, ಕೇಳಿ ಖುಷಿಪಡ್ತಾ ಕೂತಿದ್ದ ನಾನು." ಪ್ರತಿ ಬೆಳಗ್ಗೆ ದೇವರೆದುರು ಅವರು ಒಪ್ಪಿಕೊಳ್ಳುವುದೂ ಇದನ್ನೇ.

ತಿಂಡಿಯ ಹೊತ್ತು. ಮಾತಿನ ಮಲ್ಲಿ ಡಬ್ಬಿಗೆ ಕೈ ಹಾಕುತ್ತಾಳೆ, ಈ ಸಲ ಬಾಚುವುದಿಲ್ಲ. ಒಂದೊಂದೇ ತೆಗೆಯುತ್ತಾಳೆ. ಮೇಜಿನ ನಾಲ್ವರಿಗೂ ಕೊಟ್ಟು ಕೂರುತ್ತಾಳೆ. ತನ್ನ ಬರಿಗೈ ನೋಡಿಕೊಳ್ಳುತ್ತಾಳೆ. ಎದ್ದು ಹೋಗಿ ಇನ್ನೊಂದೇ ಒಂದು ತರುತ್ತಾಳೆ.

"ನನ್ನನ್ನ ಎಣಿಸೋದೇ ಮರೆತಿದ್ದೆ, ಅಜ್ಜಿ."

"ಮರೀಬೇಡ ತಾಯಿ. ಪಕ್ಕದ ಮೇಜಿಗೆ ಆರು ತಾ."

ಅವಳು ಕೈತುಂಬ ಬಾಚಿ ತರುತ್ತಾಳೆ.

ಅಜ್ಜಿ ಹೆಚ್ಚಿನವನ್ನು ಡಬ್ಬಿಗೆ ಹಾಕುತ್ತಾರೆ. ದೊಡ್ಡ ಶಾಲೆಯಲ್ಲಿ ಮೊದಲ ತಿಂಗಳೇ ಇಪ್ಪತ್ತರೊಳಗಿನ ಕೂಡುವ ಲೆಕ್ಕ. ಅಲ್ಲಿ ಚಮಚ ಹಂಚಿಸುವವರಿಲ್ಲ.

"ಇನ್ನೊಂದು ತಿಂಗಳು ಸಿಕ್ಕಿದ್ರೆ ಹತ್ತು ಮುಟ್ಟಿಸ್ತಿದ್ದೆ" ಎಂದು ಅವರು ಒದ್ದೆ ಕೈ ಒರೆಸಿಕೊಳ್ಳುತ್ತಾರೆ. "ಐದು ಮಾತ್ರ ಅವಳದೇ. ಹಿಂದಿನ ಬೆಂಚಿಗೆ ಹಾಕಿದ್ರೂ ಅದು ಅವಳ ಜೊತೆ ಹೋಗುತ್ತೆ."